ಗುಡ್ಡ ಕುಸಿದದ್ದನ್ನು ಕಂಡ ಹೈಸ್ಕೂಲು ಮಕ್ಕಳಿಗೆ ‘ಎಲ್ಲಾ ಸರಿಹೋಗುತ್ತೆ’ ಅಂದರೆ ಸಾಕೇ? ಭರವಸೆ ಕಲಿಸುವ ಬಗೆ ಹೇಗೆ?

ಹೈಸ್ಕೂಲ್_ಮೇಷ್ಟ್ರು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು. ಅದೇ ತಿಂಗಳ 30ಕ್ಕೆ ಗಡಿಯಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಇಂಥ ಕಡೆಗಳಲ್ಲಿ ಶಾಲೆ ಮತ್ತೆ ತೆರೆದ ಮೇಲೆ ಯಾರಾದರೂ ಬಂದು ಮಕ್ಕಳಿಗೆ ‘ಸಕಾರಾತ್ಮಕ ಚಿಂತನೆ’ ಬಗ್ಗೆ ಒಂದು ಗಂಟೆ ಮಾತಾಡಿ, ಚಪ್ಪಾಳೆ ಹೊಡೆಸಿ ಹೋಗುವುದು ವಾಡಿಕೆ. ಅದರಾಚೆ ಶಾಲೆಯೇ ಏನು ಮಾಡಬಹುದು ಅನ್ನುವುದು ನನ್ನ ಪ್ರಶ್ನೆ. 8ರಿಂದ 10ನೇ ತರಗತಿ ಮಕ್ಕಳು, ವಾರಕ್ಕೊಂದು 40 ನಿಮಿಷದ ಪೀರಿಯಡ್, ಎಂಟು ವಾರ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಆಶಾವಾದಿ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ ಅನ್ನುವ ಮಾತು ಎಷ್ಟು ನಿಜ? ನಿಜವಾದರೆ ಅದನ್ನು ಕಲಿಸಲು ಬರುತ್ತದೆಯೇ?

ಮನಶ್ಶಾಸ್ತ್ರದ_ಮಾತು

ಮೇಷ್ಟ್ರೇ, ಎರಡನ್ನು ಮೊದಲು ಬೇರೆ ಮಾಡಿಕೊಳ್ಳೋಣ.

ಒಂದು, ಸ್ವಭಾವದ ಆಶಾವಾದ. ‘ಒಟ್ಟಾರೆ ನನಗೆ ಒಳ್ಳೆಯದೇ ಆಗುತ್ತದೆ’ ಅನ್ನುವ ಸ್ಥಿರವಾದ ನಿರೀಕ್ಷೆ. ಇದನ್ನು ಅಳೆಯಲು ಶೈಯರ್ ಮತ್ತು ಕಾರ್ವರ್ 1985ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು, 1994ರಲ್ಲಿ ಪರಿಷ್ಕರಿಸಿದರು. ಹತ್ತು ವಾಕ್ಯ, ಅದರಲ್ಲಿ ಲೆಕ್ಕಕ್ಕೆ ಬರುವುದು ಆರು, ಉಳಿದ ನಾಲ್ಕು ಸುಮ್ಮನೆ ಸೇರಿಸಿದವು. ಒಟ್ಟು ಅಂಕ 0ಯಿಂದ 24. ಈ ಅಂಕ ಹೆಚ್ಚಿರುವವರಲ್ಲಿ ಸರಾಸರಿ ನೋಡಿದರೆ ಖಿನ್ನತೆ ಕಡಿಮೆ. ಅವರಿಗೆ ಕಷ್ಟ ಕಡಿಮೆ ಬರುತ್ತದೆ ಅಂತಲ್ಲ. ಕಷ್ಟ ಬಂದಾಗ ಅವರು ಅದರಿಂದ ತಪ್ಪಿಸಿಕೊಳ್ಳುವ ಬದಲು ಏನಾದರೂ ಮಾಡಲು ಹೊರಡುತ್ತಾರೆ, ಸಹಾಯ ಕೇಳುತ್ತಾರೆ, ಕೈ ಮೀರಿದ್ದನ್ನು ಒಪ್ಪಿಕೊಳ್ಳುತ್ತಾರೆ. ಲಾಭ ಬರುವುದು ಆ ನಡೆಯಿಂದ.

ಇನ್ನೊಂದು, ಆಘಾತದ ನಂತರ ನಾವು ಮಕ್ಕಳಲ್ಲಿ ಕಾಣುವ ಆಶಾವಾದ ಅಥವಾ ಅದರ ಕೊರತೆ. ಇಲ್ಲೇ ಬಹಳ ಜನ ಎಡವುವುದು. 1976ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿ, ಮಕ್ಕಳನ್ನೂ ಡ್ರೈವರನ್ನೂ ನೆಲದಡಿ ಹೂತಿದ್ದ ವಾಹನದೊಳಗೆ ಇಟ್ಟರು. ಎಲ್ಲರೂ ಬದುಕಿ ಬಂದರು. ಮಕ್ಕಳ ಮನೋವೈದ್ಯೆ ಲೆನೋರ್ ಟೆರ್ ಈ ಮಕ್ಕಳನ್ನು ವರ್ಷಗಳವರೆಗೆ ಹಿಂಬಾಲಿಸಿ ನೋಡಿದಾಗ ಹಲವರಲ್ಲಿ ಕಂಡದ್ದು ‘ನನ್ನ ಬದುಕು ಹೆಚ್ಚು ದಿನ ಇರಲ್ಲ’ ಅನ್ನುವ ಭಾವ. ಮದುವೆ, ಕೆಲಸ, ಮುಪ್ಪು ಯಾವುದೂ ಅವರ ಕಲ್ಪನೆಗೆ ಬರುತ್ತಿರಲಿಲ್ಲ. ಮುಂದೆ ಇದು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿಯ ಲಕ್ಷಣಗಳ ಪಟ್ಟಿಗೇ ಸೇರಿತು. ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲೂ ತನ್ನ ಬಗ್ಗೆ, ಲೋಕದ ಬಗ್ಗೆ ಬಿಡದೆ ಕಾಡುವ ಕೆಟ್ಟ ನಿರೀಕ್ಷೆ ಒಂದು ಲಕ್ಷಣವಾಗಿಯೇ ಇದೆ.

ಅಂದರೆ ಭರವಸೆ ಹೋಗಿರುವುದೇ ಗಾಯ. ಅಂಥ ಮಗುವಿಗೆ ‘ಆಶಾವಾದಿಯಾಗಿರು’ ಅನ್ನುವುದು ಜ್ವರ ಬಂದವನಿಗೆ ಮೈ ತಣ್ಣಗಿಟ್ಟುಕೋ ಅಂದಂತೆ. ಘಟನೆಯ ನಂತರ ಒಮ್ಮೆ ಅಳೆದು ‘ಆಶಾವಾದ ಇರುವವರು ಚೆನ್ನಾಗಿದ್ದಾರೆ, ನೋಡಿ’ ಅಂತ ಬರೆಯುವ ಅಧ್ಯಯನಗಳನ್ನು ಓದುವಾಗಲೂ ಇದು ನೆನಪಿರಲಿ. ಯಾವುದು ಕಾರಣ, ಯಾವುದು ಪರಿಣಾಮ ಅಂತ ಅವುಗಳಿಂದ ತಿಳಿಯುವುದಿಲ್ಲ.

ಮುಂಚೆಯೇ ಅಳೆದ ಅಪರೂಪದ ಉದಾಹರಣೆ 1989ರ ಅಕ್ಟೋಬರ್ 17ರ ಲೋಮಾ ಪ್ರೀಟಾ ಭೂಕಂಪದ್ದು. ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳು ಅದಕ್ಕೆ 14 ದಿನ ಮೊದಲು ಬೇರೊಂದು ಕೆಲಸಕ್ಕಾಗಿ ಪ್ರಶ್ನಾವಳಿ ತುಂಬಿದ್ದರು. ಭೂಕಂಪವಾದ 10 ದಿನಕ್ಕೂ 7 ವಾರಕ್ಕೂ ಸೂಸನ್ ನೋಲೆನ್-ಹೋಕ್ಸೆಮಾ ತಂಡ ಮತ್ತೆ ಕೇಳಿತು. ಬೇಸರವಾದಾಗ ಅದನ್ನೇ ಮೆಲುಕು ಹಾಕುತ್ತಾ ಕೂರುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆ ಹೆಚ್ಚಿತ್ತು. ಶಾಲೆಗೆ ಇದರಿಂದ ಸಿಗುವ ಸುಳಿವು ಇಷ್ಟು: ಮಕ್ಕಳ ಬಾಯಲ್ಲಿ ಒಳ್ಳೆಯ ಮಾತು ಹೇಳಿಸುವುದಕ್ಕಿಂತ ಆ ಮೆಲುಕಿನ ಸುಳಿಯಿಂದ ಎದ್ದು ಬರುವ ದಾರಿ ಕಲಿಸುವುದು ಮೇಲು.

ಘಟ್ಟದಂಚು

ಮೇಡಂ ಹೇಳಿದ್ದು ಸರಿ. ಆದರೆ ಭೂಕುಸಿತದ ಊರಿನಲ್ಲಿ ಇನ್ನೊಂದು ತೊಡಕಿದೆ. ಅಪಾಯ ಮುಗಿದಿಲ್ಲ. ಮುಂದಿನ ಜೂನ್‌ಗೆ ಮಳೆ ಮತ್ತೆ ಬರುತ್ತದೆ, ಗುಡ್ಡ ಅಲ್ಲೇ ಇದೆ. ‘ಇನ್ನೇನೂ ಆಗಲ್ಲ’ ಅನ್ನುವ ಮಾತು ಸುಳ್ಳು ಅಂತ ಹದಿನಾಲ್ಕರ ಮಗುವಿಗೆ ಗೊತ್ತು. ಒಂದು ಸಲ ಸುಳ್ಳು ಹೇಳಿದ ದೊಡ್ಡವರ ಉಳಿದ ಮಾತನ್ನೂ ಅದು ನಂಬುವುದಿಲ್ಲ.

ಆದ್ದರಿಂದ ಭರವಸೆಯ ಪಾಠ ಸುರಕ್ಷತೆಯಿಂದ ಶುರುವಾಗಲಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ 8.30ಕ್ಕೆ ಇಬ್ಬರು ಮಕ್ಕಳು ಅಳತೆ ತೆಗೆದು ಬೋರ್ಡಿನ ಮೇಲೆ ಬರೆಯಲಿ. ಪ್ರತಿ ಮಳೆಯೂ ಆ ದಿನದ ಮಳೆಯಲ್ಲ ಅಂತ ಮನಸ್ಸಿಗೆ ತಿಳಿಯುವುದು ಬೋರ್ಡಿನ ಮೇಲೆ 22, 31, 18 ಅಂತ ಸಾಲಾಗಿ ಕಂಡಾಗ.

ಕೆಟ್ಟ ಸೂಚನೆಗಳನ್ನೂ ಮುಚ್ಚಿಡಬೇಡಿ: ನೆಲದಲ್ಲಿ ಹೊಸ ಬಿರುಕು, ಮರ ಅಥವಾ ಕಂಬ ವಾಲುವುದು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಇಳಿಯುವುದು, ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುವುದು. ಇವುಗಳಲ್ಲಿ ಯಾವುದು ಕಂಡರೂ ಕಾಯುವುದು ಬೇಡ, ಮೊದಲು ಮನೆ ಬಿಡುವುದು. ಜೊತೆಗೆ ಮನೆಗೊಂದು ಚೀಲ: ಟಾರ್ಚು, ನೀರು, ಮಾತ್ರೆ, ಚಾರ್ಜರ್, ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್. ಎಲ್ಲಿಗೆ ಹೋಗಬೇಕು, ಯಾವ ದಾರಿ, ಅಜ್ಜ-ಅಜ್ಜಿಯನ್ನು ಯಾರು ಕೈಹಿಡಿಯಬೇಕು ಅನ್ನುವುದು ಮಗುವಿನ ಬಾಯಲ್ಲೇ ಬರಬೇಕು. ಜಿಲ್ಲಾ ವಿಪತ್ತು ಸಹಾಯವಾಣಿ 1077 ಮತ್ತು ತುರ್ತು ಕರೆ 112 ಬಾಯಿಪಾಠ ಇರಲಿ.

ಮನೋಸಾಮಾಜಿಕ

ಹಾಬ್‌ಫಾಲ್ ಮತ್ತು ಸಂಗಡಿಗರು 2007ರಲ್ಲಿ ವಿಪತ್ತಿನ ನಂತರದ ನೆರವಿಗೆ ಐದು ಆಧಾರ ಹೇಳಿದರು: ಸುರಕ್ಷತೆಯ ಭಾವ, ಮನಸ್ಸು ಶಾಂತವಾಗುವುದು, ‘ನನ್ನಿಂದ, ನಮ್ಮಿಂದ ಆಗುತ್ತದೆ’ ಅನ್ನುವ ನಂಬಿಕೆ, ಜನರ ಒಡನಾಟ, ಭರವಸೆ. ಭರವಸೆ ಪಟ್ಟಿಯ ಕೊನೆಗಿದೆ. ನಮ್ಮ ಕಡೆ ಭಾಷಣ ಮಾಡುವವರು ಐದನೆಯದರಿಂದ ಶುರುಮಾಡಿ ಅಲ್ಲೇ ಮುಗಿಸುತ್ತಾರೆ. ಘಟ್ಟದಂಚು ಅವರು ಹೇಳಿದ ಮಳೆಮಾಪಕ ಒಂದನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಮಾಡುತ್ತದೆ, ಅದಕ್ಕೇ ಅದು ನನಗೆ ಹಿಡಿಸಿತು.

ಸಮಯದ ಲೆಕ್ಕ ಬಹಳ ಮುಖ್ಯ.

ಮೊದಲ ವಾರಗಳಲ್ಲಿ ನಿದ್ದೆ ಕೆಡುವುದು, ಬೆಚ್ಚಿಬೀಳುವುದು, ಅಮ್ಮನನ್ನು ಬಿಟ್ಟಿರದಿರುವುದು ಸಹಜ. ಮೂರು ದಿನದಿಂದ ಒಂದು ತಿಂಗಳವರೆಗೆ ಲಕ್ಷಣ ತೀವ್ರವಾಗಿದ್ದರೆ ಅದಕ್ಕೆ ಬೇರೆಯೇ ಹೆಸರಿದೆ. ಪಿಟಿಎಸ್‌ಡಿ ಅನ್ನುವುದು ಒಂದು ತಿಂಗಳು ದಾಟಿದ ಮೇಲೆ. ಹೆಚ್ಚಿನ ಮಕ್ಕಳು ಊಟ, ನಿದ್ದೆ, ಶಾಲೆ, ಆಟ ಮತ್ತೆ ಸಿಕ್ಕರೆ ತಾವಾಗೇ ಚೇತರಿಸಿಕೊಳ್ಳುತ್ತಾರೆ. ಇದು ಖುದ್ದು ಒಳ್ಳೆಯ ಸುದ್ದಿ, ತಂದೆತಾಯಿಗೆ ಹೇಳಬಹುದಾದ ನಿಜವಾದ ಭರವಸೆ.

ಈ ಹಂತದಲ್ಲಿ ಎರಡು ತಪ್ಪು ನಡೆಯುತ್ತವೆ. ಎಲ್ಲ ಮಕ್ಕಳನ್ನು ವೃತ್ತಾಕಾರ ಕೂರಿಸಿ ‘ಆ ರಾತ್ರಿ ಏನಾಯಿತು, ಹೇಳಿ’ ಅಂತ ಒಬ್ಬೊಬ್ಬರಿಂದ ಹೇಳಿಸುವುದು ಒಂದು. ಒಂದೇ ಕೂಟದಲ್ಲಿ ಹೀಗೆ ತೋಡಿಸುವುದರಿಂದ ಪಿಟಿಎಸ್‌ಡಿ ತಡೆಯಲು ಆಗುವುದಿಲ್ಲ ಅಂತ 2002ರ ಕಾಕ್ರೇನ್ ಪರಾಮರ್ಶೆ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ, ಕಂಡಿತು. ಕೆಲವರಿಗೆ ಹಾನಿಯೂ ಆಗಬಹುದು. ಏನೂ ನೋಡದಿದ್ದ ಮಗುವಿನ ತಲೆಗೆ ಪಕ್ಕದವನ ದೃಶ್ಯ ಹೊಕ್ಕುತ್ತದೆ. ಇನ್ನೊಂದು ನಿದ್ದೆ ಮಾತ್ರೆ. ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆ ಬೆಂಜೊಡಯಾಜೆಪೀನ್ ಗುಂಪಿನ ಮಾತ್ರೆ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ದೊಡ್ಡವರಿಗೆ ಬರೆದುಕೊಟ್ಟ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವುದನ್ನು ತಡೆಯಿರಿ.

ತಿಂಗಳು ದಾಟಿದ ಮೇಲೆ ಸೋಸಿ ನೋಡಲು ‘ಕ್ರೈಸ್-8’ ಅನ್ನುವ ಪ್ರಶ್ನಾವಳಿ ಇದೆ, ಎಂಟು ವರ್ಷ ಮೇಲ್ಪಟ್ಟ ಮಕ್ಕಳಿಗೆ. ಎಂಟು ಪ್ರಶ್ನೆ: ನಾಲ್ಕು ಬೇಡವೆಂದರೂ ನುಗ್ಗುವ ನೆನಪಿನ ಬಗ್ಗೆ, ನಾಲ್ಕು ತಪ್ಪಿಸಿಕೊಳ್ಳುವುದರ ಬಗ್ಗೆ. ಪ್ರತಿಯೊಂದಕ್ಕೂ 0, 1, 3 ಅಥವಾ 5; ಗರಿಷ್ಠ 40. ಒಟ್ಟು 17 ಅಥವಾ ಹೆಚ್ಚು ಬಂದರೆ ಪರಿಣತರಿಗೆ ತೋರಿಸಬೇಕು. ಅದು ರೋಗನಿರ್ಣಯ ಅಲ್ಲ. ಪಾಲಕರ ಒಪ್ಪಿಗೆ ಇಲ್ಲದೆ, ಕಳಿಸುವ ಜಾಗ ಮೊದಲೇ ಗೊತ್ತುಮಾಡದೆ ಪ್ರಶ್ನೆಪತ್ರಿಕೆ ಹಂಚಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ. ಮಕ್ಕಳ ಸಹಾಯವಾಣಿ 1098.

ಹೈಸ್ಕೂಲ್_ಮೇಷ್ಟ್ರು

ತುಂಬಾ ಉಪಯೋಗವಾಯಿತು. ಹಾಗಾದರೆ ಎಂಟು ಪೀರಿಯಡ್ಡಿನಲ್ಲಿ ಏನೇನು? ಎಲ್ಲ ಮಕ್ಕಳಿಗೂ ಒಂದೇ ಪಾಠ ನಡೆಯುತ್ತದೆಯೇ?

ಮನಶ್ಶಾಸ್ತ್ರದ_ಮಾತು

ಎಲ್ಲರಿಗೂ ಒಂದೇ ಪಾಠ ಮಾಡುವುದರ ಮಿತಿ ಮೊದಲು ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ) ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆಶಾವಾದ ಕಲಿಸುವ ಪೆನ್ಸಿಲ್ವೇನಿಯಾದ ಶಾಲಾ ಕಾರ್ಯಕ್ರಮದ್ದೂ ಲಾಭ ಇದೆ, ಆದರೆ ಸಣ್ಣದು. ಹಾಗಾಗಿ ತರಗತಿಯಲ್ಲಿ ಹಗುರವಾದ ಕೌಶಲ ಕಲಿಸಿ, ನಿಜವಾಗಿ ನರಳುತ್ತಿರುವ ಮಕ್ಕಳನ್ನು ಗುರುತಿಸಿ ಚಿಕಿತ್ಸೆಗೆ ಕಳಿಸಿ. ಆಘಾತ-ಕೇಂದ್ರಿತ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ, ಅನ್ನುವುದು ತರಬೇತಿ ಪಡೆದವರು ಮಾಡುವ ಕೆಲಸ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಸಾಮಾನ್ಯವಾಗಿ 6ರಿಂದ 12 ಕೂಟ ಅನ್ನುತ್ತದೆ. ತರಗತಿಯಲ್ಲಿ ಅದನ್ನು ಮಾಡಲು ಹೋಗಬೇಡಿ.

ಮೊದಲ ಎರಡು ವಾರ ದೇಹದ್ದು. ನಾಲ್ಕು ಎಣಿಕೆಗೆ ಉಸಿರೆಳೆದು ಆರು ಎಣಿಕೆಗೆ ಬಿಡುವುದು, ಐದು ನಿಮಿಷ. ಕಣ್ಣು ಮುಚ್ಚಲು ಬಲವಂತ ಮಾಡಬೇಡಿ. ಮುಚ್ಚಿದ ಕೂಡಲೇ ಕೆಲವರಿಗೆ ದೃಶ್ಯ ಬರುತ್ತದೆ. ಕಣ್ಣು ತೆರೆದು ಬೋರ್ಡಿನ ಅಂಚು ನೋಡುತ್ತಾ ಮಾಡಲಿ. ನೆನಪು ನುಗ್ಗಿದಾಗ ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು ವಸ್ತುಗಳನ್ನು ಹೆಸರಿಸುವುದು.

ಮೂರು ಮತ್ತು ನಾಲ್ಕನೆಯ ವಾರ ಕಾರಣ ಹುಡುಕುವ ರೀತಿ. ಮಾರ್ಟಿನ್ ಸೆಲಿಗ್‌ಮನ್ ಹೇಳುವಂತೆ ನಿರಾಶೆಯ ವಿವರಣೆಯಲ್ಲಿ ಮೂರು ಎಳೆ: ಇದು ಶಾಶ್ವತ, ಇದು ಎಲ್ಲದಕ್ಕೂ ಅನ್ವಯ, ಇದು ನನ್ನಿಂದಲೇ. ‘ನಮ್ಮ ಬದುಕೇ ಮುಗೀತು’ ಅಂದ ಮಗುವಿನ ಜೊತೆ ವಾದ ಮಾಡಬೇಡಿ. ಯಾವುದು ಹೋಯಿತು, ಯಾವುದು ಉಳಿಯಿತು, ಯಾವುದು ಮೂರು ತಿಂಗಳಲ್ಲಿ ಬದಲಾಗಬಹುದು ಅಂತ ಮೂರು ಕಾಲಂ ಬರೆಯಿಸಿ. ಮೊದಲ ಕಾಲಂ ತುಂಬುವವರೆಗೂ ಎರಡನೆಯದಕ್ಕೆ ಅವಸರ ಬೇಡ. ಹೋದದ್ದನ್ನು ಹೋಯಿತು ಅಂತ ಬರೆಯಲು ಬಿಡದಿದ್ದರೆ ಉಳಿದದ್ದರ ಪಟ್ಟಿ ಬಾಯಿಮಾತಾಗುತ್ತದೆ.

‘ನನ್ನಿಂದಲೇ’ ಅನ್ನುವ ಎಳೆಯ ಮೇಲೆ ವಿಶೇಷ ಗಮನ ಕೊಡಿ. ಟೆರ್ ಚೌಚಿಲ್ಲಾ ಮಕ್ಕಳಲ್ಲಿ ಕಂಡ ಇನ್ನೊಂದು ಸಂಗತಿ ಶಕುನ ಹುಡುಕುವುದು. ಆ ದಿನ ಹೀಗಾಗಿತ್ತು, ಅದು ಸೂಚನೆಯಾಗಿತ್ತು, ನಾನು ತಿಳಿಯಲಿಲ್ಲ ಅಂತ ಮಗು ಆಮೇಲೆ ಕಟ್ಟಿಕೊಳ್ಳುತ್ತದೆ. ನಾಯಿ ಊಳಿಟ್ಟಿತ್ತು, ಹಲ್ಲಿ ಲೊಚಗುಟ್ಟಿತ್ತು, ಅಪ್ಪನನ್ನು ಎಬ್ಬಿಸಬೇಕಿತ್ತು ಅನ್ನುವ ಮಾತು ನಮ್ಮಲ್ಲಿ ಬಂದರೆ ಅದರ ಹಿಂದೆ ತಪ್ಪಿತಸ್ಥ ಭಾವ ಇದೆಯೇ ಅಂತ ನೋಡಿ. ‘ಆಗ ನಿನಗೆ ಏನು ಗೊತ್ತಿತ್ತು, ಈಗ ಏನು ಗೊತ್ತಾಗಿದೆ’ ಅನ್ನುವ ಎರಡು ಪ್ರಶ್ನೆ ಸಾಕು. ‘ನಿನ್ನ ತಪ್ಪೇನಿಲ್ಲ ಬಿಡು’ ಅಂತ ಥಟ್ಟನೆ ಹೇಳಿದರೆ ಮಗು ಅಲ್ಲಿಗೇ ಬಾಯಿ ಮುಚ್ಚುತ್ತದೆ.

ಐದರಿಂದ ಏಳು ನಿಜವಾದ ಭರವಸೆಯ ಕೆಲಸ. ಸಿ. ಆರ್. ಸ್ನೈಡರ್ ಪ್ರಕಾರ ಭರವಸೆಗೆ ಎರಡು ಕಾಲು: ಗುರಿಗೆ ದಾರಿಗಳು ಕಾಣುವುದು, ಆ ದಾರಿಯಲ್ಲಿ ನಾನು ನಡೆಯಬಲ್ಲೆ ಅನ್ನಿಸುವುದು. ಗೇಬ್ರಿಯಲ್ ಓಟಿಂಗನ್ ಅವರ ಪ್ರಯೋಗಗಳು ಇದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತವೆ. ಒಳ್ಳೆಯ ಭವಿಷ್ಯವನ್ನು ಬರೀ ಕಲ್ಪಿಸಿಕೊಂಡವರ ಪ್ರಯತ್ನ ಕಡಿಮೆಯಾಗುತ್ತದೆ, ಏಕೆಂದರೆ ಸಿಕ್ಕೇಬಿಟ್ಟ ಸಮಾಧಾನ ಮನಸ್ಸಿಗೆ ಆಗಿಬಿಡುತ್ತದೆ. ಆದ್ದರಿಂದ ಆಸೆಯ ಪಕ್ಕದಲ್ಲೇ ಅಡ್ಡಿಯನ್ನೂ ಇಡಬೇಕು. ಒಂದು ಹಾಳೆಯಲ್ಲಿ ನಾಲ್ಕು ಸಾಲು:

ಬೇಕಾದದ್ದು — ಈ ವಾರ ಗಣಿತದ ಒಂದು ಅಧ್ಯಾಯ ಮುಗಿಸಬೇಕು.
ಅದು ಈಡೇರಿದರೆ ಏನು ಒಳ್ಳೆಯದು — ಕಿರುಪರೀಕ್ಷೆಗೆ ಹೆದರಬೇಕಿಲ್ಲ.
ನನ್ನೊಳಗಿನ ಅಡ್ಡಿ — ಸಂಜೆ ಮಳೆ ಸದ್ದು ಕೇಳಿದರೆ ಓದು ನಿಲ್ಲುತ್ತದೆ.
ಹಾಗಾದರೆ — ಮಳೆ ಜೋರಾಗಿ ಓದು ನಿಂತರೆ, ಪುಸ್ತಕ ಹಿಡಿದು ಅಡುಗೆಮನೆಗೆ ಹೋಗಿ ಅಜ್ಜಿ ಪಕ್ಕ ಕೂತು ಎರಡು ಲೆಕ್ಕ ಮಾಡುತ್ತೇನೆ.

ಗುರಿ ಒಂದು ವಾರದ್ದಾಗಿರಲಿ, ಮಗುವಿನ ಕೈಯಲ್ಲಿರುವುದಾಗಿರಲಿ. ‘ಮನೆ ಕಟ್ಟಿಸಬೇಕು’ ಅನ್ನುವುದು ಪರಿಹಾರದ ಹಣ, ಸರ್ಕಾರ, ಗುತ್ತಿಗೆದಾರರ ಕೈಯಲ್ಲಿದೆ. ಅದು ತಪ್ಪಿದರೆ ಇನ್ನೊಂದು ಸೋಲು. ಒಂದೇ ಗುರಿಗೆ ಮೂರು ದಾರಿ ಬರೆಯಿಸಿ. ಮೊದಲನೆಯದು ಮುಚ್ಚಿದಾಗ ಎರಡನೆಯದಕ್ಕೆ ಹೊರಳುವ ಅಭ್ಯಾಸವೇ ಇಲ್ಲಿ ಕಲಿಕೆ. ಮುಂದಿನ ವಾರ ‘ಆಯ್ತಾ, ಇಲ್ವಾ’ ಅಂತ ಮಾತ್ರ ಕೇಳಿದರೆ ಕೆಡುತ್ತದೆ. ‘ಯಾವ ದಾರಿ ಹಿಡಿದೆ, ಎಲ್ಲಿ ನಿಂತಿತು’ ಅಂತ ಕೇಳಿ.

ಎಂಟನೆಯ ವಾರ ಬೇರೆಯವರಿಗೆ ಏನಾದರೂ ಮಾಡುವುದು. ಆರನೇ ತರಗತಿಯವರಿಗೆ ಮಳೆಮಾಪಕ ಓದಲು ಕಲಿಸಲಿ.

ಹಾಸ್ಟೆಲ್_ರಾತ್ರಿಪಾಳಿ

ಹಗಲಿನ ಪಾಠ ಸರಿ, ಕಷ್ಟ ಇರೋದು ರಾತ್ರಿ. ಹಾಸ್ಟೆಲ್‌ನವರಿಗಾಗಿ ಕೆಲವು ವಿವರ ಸೇರಿಸುತ್ತೇನೆ.

ತಗಡಿನ ಮಾಡಿನ ಕೋಣೆಯಲ್ಲಿ ಈ ಮಕ್ಕಳನ್ನು ಮಲಗಿಸಬೇಡಿ, ಮಳೆ ಸದ್ದು ಹತ್ತು ಪಟ್ಟು ಕೇಳುತ್ತದೆ. ಬಾಗಿಲ ಹತ್ತಿರದ ಹಾಸಿಗೆ ಕೇಳಿದರೆ ಕೊಡಿ. ಚಪ್ಪಲಿ, ಟಾರ್ಚು ಕೈಗೆ ಸಿಗುವಂತಿರಲಿ. ಕರೆಂಟು ಹೋದರೆ ಹಚ್ಚಲು ಸಣ್ಣ ಚಾರ್ಜಿಂಗ್ ದೀಪ. ರಾತ್ರಿ ಎಂಟರ ನಂತರ ಕುಸಿತದ ವಿಡಿಯೋ ನೋಡುವುದು ಬಂದ್. 1995ರ ಓಕ್ಲಹೋಮ ಬಾಂಬ್ ಸ್ಫೋಟದ ನಂತರ ಟಿವಿಯಲ್ಲಿ ಅದನ್ನೇ ಹೆಚ್ಚು ನೋಡಿದ ಮಕ್ಕಳಲ್ಲಿ ಲಕ್ಷಣ ಹೆಚ್ಚಿತ್ತು ಅಂತ ಅಧ್ಯಯನಗಳಿವೆ.

ದುಃಸ್ವಪ್ನ ಮರುಕಳಿಸಿದರೆ ರಾತ್ರಿ ಅದರ ಬಗ್ಗೆ ಮಾತು ಬೇಡ. ನೀರು ಕುಡಿಸಿ, ಇಂದು ಯಾವ ವಾರ, ಎಲ್ಲಿದ್ದೀಯ ಅಂತ ಕೇಳಿ, ಮಲಗಿಸಿ. ಮರುದಿನ ಹಗಲಲ್ಲಿ ಆ ಕನಸಿಗೆ ಬೇರೆ ಕೊನೆ ಹಾಕಿಸಿ, ಹತ್ತು ನಿಮಿಷ ಮನಸ್ಸಿನಲ್ಲೇ ಓಡಿಸಲಿ. ಹಾಸಿಗೆ ಒದ್ದೆ ಮಾಡಿಕೊಂಡರೆ ಬೆಳಗಾಗುವ ಮೊದಲೇ, ಯಾರಿಗೂ ಕಾಣದಂತೆ ಬಟ್ಟೆ ಬದಲಿಸಿ. ಹದಿನಾಲ್ಕು ವರ್ಷದವರಿಗೂ ಇದು ಆಗುತ್ತದೆ, ಒಂದು ಸಲ ಆಡಿಕೊಂಡರೆ ಹುಡುಗ ಹಾಸ್ಟೆಲ್ ಬಿಟ್ಟೇ ಹೋಗುತ್ತಾನೆ.

ಮಳೆಯ ಭಯ ತೀರ ಹೆಚ್ಚಿದ್ದರೆ ಆಪ್ತಸಮಾಲೋಚಕರನ್ನು ಕೇಳಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹೋಗಬಹುದು. ಹಗಲಲ್ಲಿ ಮೊಬೈಲಿನಲ್ಲಿ ಮಳೆ ಸದ್ದು ಸಣ್ಣಗೆ, ಆಮೇಲೆ ಜೋರಾಗಿ, ತುಂತುರು ಬಿದ್ದಾಗ ಗೆಳೆಯನ ಜೊತೆ ಜಗಲಿಯಲ್ಲಿ. ಮೂರು ನಿಮಿಷಕ್ಕೊಮ್ಮೆ ಭಯ ಹತ್ತಕ್ಕೆ ಎಷ್ಟು ಅಂತ ಹೇಳಲಿ, ಅರ್ಧಕ್ಕಿಳಿದ ಮೇಲೆ ನಿಲ್ಲಿಸಿ. ತುದಿಯಲ್ಲಿರುವಾಗ ಎದ್ದು ಓಡಿದರೆ ‘ಓಡಿದ್ದರಿಂದ ಉಳಿದೆ’ ಅಂತ ಮನಸ್ಸು ಕಲಿಯುತ್ತದೆ, ಭಯ ಬಲಿಯುತ್ತದೆ. ಆರೆಂಜ್, ರೆಡ್ ಅಲರ್ಟ್ ಇರುವ ದಿನ ಇದು ಬೇಡವೇ ಬೇಡ. ಆ ದಿನದ ಭಯ ಸರಿಯಾದ ಭಯ.

ಕಾವೇರಿಸೀಮೆ

ಒಂದು ಮಾತು ಕೇಳಬೇಕಿತ್ತು. ಮನೆಯಲ್ಲಿ ಹಿರಿಯರು ‘ಆಗಿದ್ದೆಲ್ಲ ಒಳ್ಳೇದಕ್ಕೇ, ದೇವರ ಇಚ್ಛೆ’ ಅನ್ನುತ್ತಾರೆ. ಅವರಿಗೆ ಅದೇ ಆಸರೆ. ಅದನ್ನೂ ತಪ್ಪು ಅನ್ನಬೇಕೇ?

ಮನೋಸಾಮಾಜಿಕ

ಇಲ್ಲ ಅಕ್ಕಾ. ನಂಬಿಕೆ, ಪೂಜೆ, ತಿಥಿ, ಹಬ್ಬ ಇವೆಲ್ಲ ಜನರನ್ನು ಕೂಡಿಸುತ್ತವೆ, ದಿನಗಳಿಗೆ ಮತ್ತೆ ಒಂದು ಕ್ರಮ ತರುತ್ತವೆ. ಹಿರಿಯರು ತಮಗೆ ತಾವು ಹೇಳಿಕೊಳ್ಳಲಿ. ತೊಂದರೆ ಬರುವುದು ತಮ್ಮನನ್ನು ಕಳೆದುಕೊಂಡ ಹುಡುಗಿಗೆ ಅದನ್ನೇ ಹೇಳಿದಾಗ. ಅವಳಿಗೆ ಕೇಳಿಸುವುದು ‘ತಮ್ಮ ಸತ್ತದ್ದು ಒಳ್ಳೇದಾಯಿತು’ ಅಂತ. ಅಜ್ಜಿಗೆ ಹೀಗೆ ಹೇಳಿಕೊಡಬಹುದು: ‘ನನಗೂ ಅವನ ನೆನಪು ಬರುತ್ತೆ ಮಗಾ. ಬಾ, ಅವನಿಗೊಂದು ದೀಪ ಹಚ್ಚೋಣ.’

ಆಘಾತದಿಂದ ಮನುಷ್ಯ ಬೆಳೆಯುತ್ತಾನೆ ಅನ್ನುವುದನ್ನು ಟೆಡೆಸ್ಕಿ ಮತ್ತು ಕ್ಯಾಲ್ಹೌನ್ 1996ರಲ್ಲಿ 21 ಪ್ರಶ್ನೆಗಳ ಅಳತೆಗೋಲು ಮಾಡಿ ತೋರಿಸಿದರು. ಬೆಳವಣಿಗೆ ಆಗುವುದುಂಟು. ಆದರೆ ಅದು ನೋವಿನ ಜೊತೆಜೊತೆಗೇ ಇರುತ್ತದೆ, ಕೇಳಿದರೆ ಬರುವಂಥದ್ದಲ್ಲ. ‘ಇದರಿಂದ ನೀನೇನು ಕಲಿತೆ’ ಅಂತ ಪ್ರಬಂಧ ಬರೆಸಬೇಡಿ.

ಇನ್ನೂ ಮುಖ್ಯವಾದದ್ದು ಮನೆಯ ಹಿರಿಮಗ, ಹಿರಿಮಗಳು. ‘ನೀನೇ ಧೈರ್ಯವಾಗಿರಬೇಕು, ಅಮ್ಮನಿಗೆ ನೀನೇ ಆಸರೆ’ ಅಂತ ಬಂದವರೆಲ್ಲ ಹೇಳುತ್ತಾರೆ. ಆ ಮಗು ಅಳುವುದನ್ನು ನಿಲ್ಲಿಸುತ್ತದೆ, ಅಂಕವೂ ಚೆನ್ನಾಗಿ ಬರುತ್ತದೆ, ಎಲ್ಲರೂ ‘ಎಷ್ಟು ಗಟ್ಟಿ’ ಅನ್ನುತ್ತಾರೆ. ಮಕ್ಕಳು ಅಪ್ಪ ಅಮ್ಮನಿಗೆ ನೋವಾಗಬಾರದೆಂದು ಮುಚ್ಚಿಡುವುದರಿಂದ ಪಾಲಕರ ಅಂದಾಜು ನಿಜಕ್ಕಿಂತ ಕಡಿಮೆ ಇರುತ್ತದೆ. ಮಗುವನ್ನೇ ಒಂಟಿಯಾಗಿ ಕೇಳಿ. 16ರ ಮೇಲಿನವರಲ್ಲಿ ಕುಡಿತ, ಬೈಕಿನ ಹುಚ್ಚು ವೇಗ, ಶಾಲೆ ಬಿಟ್ಟು ಕೂಲಿಗೆ ಹೋಗುವುದು ಇವೂ ಲಕ್ಷಣಗಳೇ. ‘ಬದುಕಿರೋದೇ ಬೇಡ ಅನ್ನಿಸುತ್ತಾ’ ಅಂತ ನೇರವಾಗಿ ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗೆ ಬೀಗ ಹಾಕಿಸಿ, ಅಂದೇ ವೈದ್ಯರ ಹತ್ತಿರ ಕರೆದೊಯ್ಯಿರಿ. ತೋಟದ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಜಗಲಿಯಲ್ಲೇ ಇರುತ್ತದೆ, ಅದಕ್ಕೇ ಹೆಸರಿಟ್ಟು ಹೇಳುತ್ತಿದ್ದೇನೆ.

ಘಟ್ಟದಂಚು

ದೇಹ ಸಿಗದ ಮನೆಗಳ ಬಗ್ಗೆಯೂ ಹೇಳಿ ಮೇಡಂ. ಅಲ್ಲಿ ಭರವಸೆ ಅನ್ನುವ ಪದವೇ ಬೇರೆ ಅರ್ಥ ಕೊಡುತ್ತದೆ.

ಮನಶ್ಶಾಸ್ತ್ರದ_ಮಾತು

ಹೌದು. ಅಲ್ಲಿ ‘ಬರಬಹುದು’ ಅಂತಲೂ ಹೇಳಬೇಡಿ, ‘ಇನ್ನು ಮರೆತುಬಿಡು’ ಅಂತಲೂ ಹೇಳಬೇಡಿ. ಶೋಧ ಎಲ್ಲಿಗೆ ಬಂತು, ಯಾವಾಗ ನಿಲ್ಲಿಸಿದರು ಅನ್ನುವ ನಿಜವನ್ನು ನಂಬಿಕೆಯ ಒಬ್ಬರೇ ಹೇಳಲಿ, ಹತ್ತು ಬಾಯಿಂದ ಹತ್ತು ಸುದ್ದಿ ಬೇಡ. ಮನೆಯವರು ಕ್ರಿಯೆ ಯಾವಾಗ ಮಾಡುತ್ತಾರೆ ಅನ್ನುವ ತೀರ್ಮಾನದಲ್ಲಿ ಮಗುವಿನ ಮಾತನ್ನೂ ಕೇಳಲಿ. ಇಂಥ ಮಕ್ಕಳಿಗೆ ಭರವಸೆ ಅಂದರೆ ಅವನು ಬರುವುದಲ್ಲ. ನಾಳೆ ನನ್ನನ್ನು ಶಾಲೆಗೆ ಯಾರು ಬಿಡುತ್ತಾರೆ, ಫೀಸು ಯಾರು ಕಟ್ಟುತ್ತಾರೆ, ಯಾರ ಮನೆಯಲ್ಲಿರುತ್ತೇನೆ ಅನ್ನುವುದಕ್ಕೆ ಹೆಸರು ಹಿಡಿದು ಉತ್ತರ ಸಿಗುವುದು. ಆರು ತಿಂಗಳಾದ ಮೇಲೂ ದುಃಖ ಒಂದಿಷ್ಟೂ ತಗ್ಗದೆ, ಶಾಲೆ, ಊಟ, ಗೆಳೆತನ ಎಲ್ಲ ನಿಂತಿದ್ದರೆ ಅದು ಚಿಕಿತ್ಸೆ ಬೇಕಾದ ದುಃಖ.

ಹೈಸ್ಕೂಲ್_ಮೇಷ್ಟ್ರು

ಕೊನೆಯದಾಗಿ, ವರ್ಷ ತುಂಬುವ ದಿನ ಶಾಲೆಯಲ್ಲಿ ಏನು ಮಾಡುವುದು? ರಜೆ ಕೊಡುವುದು ಲೇಸೇ?

ಮನೋಸಾಮಾಜಿಕ

ರಜೆ ಬೇಡ ಮೇಷ್ಟ್ರೇ, ಒಂಟಿಯಾಗಿ ಮನೆಯಲ್ಲಿ ಕೂರುತ್ತಾರೆ. ಎರಡು ವಾರ ಮೊದಲೇ ‘ಆ ದಿನ ಹತ್ತಿರ ಬಂದಾಗ ನಿದ್ದೆ ಕೆಡಬಹುದು, ಸಿಟ್ಟು ಬರಬಹುದು, ಅದು ಹಿಂದಕ್ಕೆ ಹೋದಂತಲ್ಲ’ ಅಂತ ತಿಳಿಸಿ. ಆ ವಾರ ಪರೀಕ್ಷೆ ಇಡಬೇಡಿ. ಪ್ರಾರ್ಥನೆಯ ಹೊತ್ತಿಗೆ ಹೆಸರು ಓದಿ ಎರಡು ನಿಮಿಷ ಮೌನ, ಬೇಡವೆಂದವರಿಗೆ ಲೈಬ್ರರಿಯಲ್ಲಿ ಒಬ್ಬ ಟೀಚರ್ ಜೊತೆ ಕೂರುವ ಅವಕಾಶ. ಫೋಟೋ, ವಿಡಿಯೋ, ವರದಿಗಾರರು ಬೇಡ. ಆಮೇಲೆ ಮಾಮೂಲಿ ಪೀರಿಯಡ್, ಮಧ್ಯಾಹ್ನ ಆಟ. ಅಂದಿನ ಮಳೆಯ ಅಳತೆಯನ್ನೂ ಎಂದಿನಂತೆ 8.30ಕ್ಕೆ ಇಬ್ಬರು ಮಕ್ಕಳು ಬೋರ್ಡಿನ ಮೇಲೆ ಬರೆಯಲಿ.